ಕೊಲ್ಲೂರಿಗೆ ನಡೆದು ಹೋಗುವವರಿಗೂ ರಸ್ತೆಯಲ್ಲಿ ಜಾಗ ಬೇಕು

ಮಾನ್ಯ ಸಂಪಾದಕರೇ,

ನಾನು 31 ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಅದರಲ್ಲಿ ಜಾಸ್ತಿ ವರ್ಷ ದುಡಿದದ್ದು ಉಡುಪಿ–ಕುಂದಾಪುರ–ಕೊಲ್ಲೂರು ರೂಟಿನಲ್ಲಿ. ಸಂತೆಕಟ್ಟೆ, ಬ್ರಹ್ಮಾವರ, ಸಾಸ್ತಾನ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕುಂಭಾಶಿ, ಕೋಟೇಶ್ವರ... ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಸ್ಟಾಪುಗಳ ಹೆಸರು ಸಾಲಾಗಿ ಹೇಳಬಲ್ಲೆ. ಆ ದಾರಿಯಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂದುಕೊಂಡಿದ್ದೆ. ಕಳೆದ ಜನವರಿಯಲ್ಲಿ ಅದೇ ದಾರಿಯನ್ನು ಮೂರು ದಿನ ಬರಿಗಾಲಲ್ಲಿ ನಡೆದೆ. ಅದರ ಬಗ್ಗೆ ನಾಲ್ಕು ಮಾತು ಬರೆಯಲೇಬೇಕು ಅನ್ನಿಸಿತು.

ಹೆಂಡತಿಗೆ ಹೃದಯದ ಆಪರೇಶನ್ ಆದಾಗ ಮೂಕಾಂಬಿಕೆಗೆ ಹರಕೆ ಹೇಳಿಕೊಂಡಿದ್ದೆ. ಅವಳು ಚೇತರಿಸಿಕೊಂಡಳು. ನಮ್ಮ ಕೇರಿಯ ಆರು ಮಂದಿ, ಅದರಲ್ಲಿ ಮೂವರು ಹೆಂಗಸರು, ನಾವೂ ಬರುತ್ತೇವೆ ಅಂದರು. ಒಟ್ಟು ಏಳು ಜನ. ಬೆಳಗಿನ ಜಾವ ಮೂರೂವರೆಗೆ ರಥಬೀದಿಯಲ್ಲಿ ಕೃಷ್ಣನಿಗೆ ಕೈಮುಗಿದು ಹೊರಟೆವು. ಉಡುಪಿಯಿಂದ ಕೊಲ್ಲೂರಿಗೆ ಸುಮಾರು 80 ಕಿ.ಮೀ. ಬಸ್ಸಿನಲ್ಲಿ ಕೂತವರಿಗೆ ಒಂದು ನಿದ್ದೆಯ ದಾರಿ.

ಮೊದಲ ಎರಡು ಗಂಟೆ ನಾವು ಎಡಬದಿಯಲ್ಲೇ ನಡೆದೆವು. ಅದೇ ಅಭ್ಯಾಸ ಅಲ್ವಾ? ವಾಹನಗಳು ಬೆನ್ನ ಹಿಂದಿನಿಂದ ಬರುತ್ತವೆ. ಲಾರಿ ಹತ್ತಿರ ಬಂದಾಗ ಮೊದಲು ನಮ್ಮ ನೆರಳು ಮುಂದೆ ಉದ್ದವಾಗುತ್ತದೆ, ಆಮೇಲೆ ಗಿಡ್ಡವಾಗುತ್ತಾ ಪಕ್ಕಕ್ಕೆ ಓಡುತ್ತದೆ, ಮರುಕ್ಷಣ ಗಾಳಿ ಬಡಿದು ಪಂಚೆ ಮುಂದಕ್ಕೆ ಎಳೆಯುತ್ತದೆ. ದಾರಿಯ ಒಂದು ಸೇತುವೆಯ ಮೇಲೆ ಕತ್ತಲಲ್ಲಿ ಹೋಗುತ್ತಿದ್ದಾಗ ಒಂದು ಬಸ್ಸಿನ ಕನ್ನಡಿ ನಮ್ಮ ಗುಂಪಿನ ಅಕ್ಕನ ಹೆಗಲ ಚೀಲಕ್ಕೆ ತಾಗಿತು. ಚೀಲದ ಪಟ್ಟಿ ಹರಿದು, ಒಳಗಿದ್ದ ತೆಂಗಿನಕಾಯಿ ರಸ್ತೆಗೆ ಉರುಳಿತು. ಅಕ್ಕ ಸೇತುವೆಯ ಕಟ್ಟೆ ಹಿಡಿದುಕೊಂಡು ಹಾಗೇ ಕೂತುಬಿಟ್ಟರು. ಅವರ ಕೈ ನಡುಗುತ್ತಿದ್ದದ್ದು ಟಾರ್ಚ್ ಬೆಳಕಿನಲ್ಲಿ ಕಾಣುತ್ತಿತ್ತು. ಬಸ್ಸು ನಿಲ್ಲಲಿಲ್ಲ. ಡ್ರೈವರಿಗೆ ತಾಗಿದ್ದೇ ಗೊತ್ತಾಗಿರಲಿಕ್ಕಿಲ್ಲ.

ಆ ಬಸ್ಸಿನವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಎಷ್ಟೋ ಸಲ ನಾನೇ ಫುಟ್‌ಬೋರ್ಡಿನಲ್ಲಿ ನಿಂತು ಬಾಗಿಲು ಬಡಿಯುತ್ತಾ "ಬದಿಗೆ ಹೋಗಿ, ಬದಿಗೆ" ಅಂತ ಪಾದಯಾತ್ರಿಗಳಿಗೆ ಕೂಗಿದ್ದೇನೆ. ನಮ್ಮ ಬಸ್ಸುಗಳು ನಿಮಿಷದ ಲೆಕ್ಕದಲ್ಲಿ ಓಡುವಂಥವು. ಹಿಂದಿನ ಬಸ್ಸು ಬಂದರೆ ನಮ್ಮ ಕಲೆಕ್ಷನ್ ಹೋಯಿತು. ನಡೆಯುವವರು ಸರಿಯಲಿ, ನಮಗೆ ತಡವಾಗುತ್ತದೆ ಅನ್ನುವುದಷ್ಟೇ ಆಗ ತಲೆಯಲ್ಲಿತ್ತು. ಅವರು ಸರಿಯುವುದಕ್ಕೆ ಬದಿ ಅನ್ನುವುದು ಇದೆಯಾ ಅಂತ ಒಮ್ಮೆಯೂ ಬಗ್ಗಿ ನೋಡಿದವನಲ್ಲ. ಅದಕ್ಕೆ ನನಗೆ ಈಗಲೂ ಬೇಜಾರಿದೆ.

ಆ ಸೇತುವೆ ದಾಟಿದ ಮೇಲೆ ನಾವು ಆಚೆ ಬದಿಗೆ ಹೋದೆವು, ಕುಂದಾಪುರದಿಂದ ಉಡುಪಿಗೆ ಬರುವ ವಾಹನಗಳಿಗೆ ಎದುರಾಗಿ. ಬರುವುದು ಕಣ್ಣಿಗೆ ಕಾಣುತ್ತದೆ, ಸರಿಯಲು ಸಮಯ ಸಿಗುತ್ತದೆ. ಪಾದಯಾತ್ರೆ ಹೊರಡುವ ಎಲ್ಲರಿಗೂ ಹೇಳುತ್ತೇನೆ: ವಾಹನಗಳಿಗೆ ಬೆನ್ನು ಕೊಟ್ಟು ನಡೆಯಬೇಡಿ. ಚೀಲದ ಹಿಂದೆ ಮುಂದೆ ರೇಡಿಯಂ ಸ್ಟಿಕ್ಕರ್ ಅಂಟಿಸಿ. ನಾವು ಬ್ರಹ್ಮಾವರದಲ್ಲಿ ಅಂಗಡಿ ಬಾಗಿಲು ತೆಗೆಯುವವರೆಗೆ ಕಾದು ಅದನ್ನೇ ಮೊದಲು ಕೊಂಡೆವು.

ಒಂಬತ್ತೂವರೆ ಹೊತ್ತಿಗೆ ಡಾಂಬರು ಕಾಯಲು ಶುರುವಾಯಿತು. ಜನವರಿಯ ಬಿಸಿಲು ಅಂತ ಸುಮ್ನೆ ಹೇಳಬಾರದು, ಅಂಗಾಲಿಗೆ ಚುರ್ರ್ ಅನ್ನುತ್ತದೆ. ಆಗ ಗೊತ್ತಾಯಿತು, ರಸ್ತೆ ಅಂಚಿನ ಬಿಳಿ ಪಟ್ಟಿಯ ಮೇಲೆ ಕಾಲಿಟ್ಟರೆ ಎಷ್ಟೋ ತಂಪು. ಏಳೂ ಜನ ಒಬ್ಬರ ಹಿಂದೆ ಒಬ್ಬರು ಆ ಒಂದು ಗೇಣು ಪಟ್ಟಿಯ ಮೇಲೆ ನಡೆದೆವು. ಬರಿಗಾಲಿನ ಪಾದಯಾತ್ರಿಗಳು ಬಿಳಿ ಗೆರೆ ಬಿಟ್ಟು ಇಳಿಯುವುದಿಲ್ಲ ಅಂತ ವಾಹನದವರು ಸಿಟ್ಟು ಮಾಡುತ್ತಾರೆ. ನಾನೂ ಮಾಡಿದ್ದೆ. ಅದು ಹಟ ಅಲ್ಲ. ಒಂದು ಕಡೆ ಕಾದ ಡಾಂಬರು, ಇನ್ನೊಂದು ಕಡೆ ಚೂಪು ಜಲ್ಲಿ. ನಡುವೆ ಕಾಲಿಡಲು ಇರುವುದು ಅಷ್ಟೇ ಜಾಗ. ಆ ಗೆರೆಯ ಮೇಲೇ ಲಾರಿ ನಿಲ್ಲಿಸಿದ್ದರೆ ಅದನ್ನು ಸುತ್ತಿಕೊಂಡು ರಸ್ತೆಯ ನಡುವಿಗೇ ಹೋಗಬೇಕು.

ಈ ಹೆದ್ದಾರಿ ಎನ್ಎಚ್ 17 ಆಗಿದ್ದ ಕಾಲದಲ್ಲಿ ರಸ್ತೆ ಸಣ್ಣದಿತ್ತು, ಆದರೆ ಎರಡೂ ಬದಿ ಮಾವು, ಹಲಸು, ಗೋಳಿ ಮರಗಳಿದ್ದವು. ಎನ್ಎಚ್ 66 ಆಗಿ ನಾಲ್ಕು ಲೇನು ಬಂತು. ರಸ್ತೆ ಅಗಲವಾದದ್ದು ಒಳ್ಳೆಯದೇ, ಬಸ್ಸಿನಲ್ಲಿ ದುಡಿದ ನನಗೆ ಅದರ ಬೆಲೆ ಗೊತ್ತು. ಆದರೆ ನೆರಳು ಹೋಯಿತು. ಸೇತುವೆಗಳು ಇಲ್ಲದ ಕಾಲದಲ್ಲಿ ಕಡವಿನಲ್ಲಿ ದೋಣಿಗೆ ಕಾದು, ನದಿ ದಾಟಿ ಹೋಗಬೇಕಿತ್ತು ಅಂತ ಅಮ್ಮ ಹೇಳುತ್ತಿದ್ದರು. ಆಗ ದಾರಿ ಬದಿಯಲ್ಲಿ ತಲೆಹೊರೆ ಇಳಿಸಲು ಕಲ್ಲು ನೆಡುತ್ತಿದ್ದರಂತೆ, ಬೇಸಗೆಯಲ್ಲಿ ಅರವಟ್ಟಿಗೆ ಇಡುತ್ತಿದ್ದರಂತೆ. ದಾರಿ ಮಾಡುವಾಗ ನಡೆಯುವವರ ನೆನಪು ಇತ್ತು ಅಂತಾಯಿತು.

ನೀರಿನ ವಿಷಯ ಬಿಡಿಸಿ ಹೇಳಬೇಕು. ಎರಡನೇ ದಿನ ಕೋಟೇಶ್ವರ ದಾಟಿದ ಮೇಲೆ ನಮ್ಮ ಜೊತೆಗಿದ್ದ ಹುಡುಗಿಗೆ ತಲೆ ತಿರುಗಿತು. ಬಾಟಲಿಯಲ್ಲಿ ನೀರು ತುಂಬಾ ಇತ್ತು. ಯಾಕೆ ಕುಡಿಯಲಿಲ್ಲ ಅಂತ ಬೈದೆ. ಅವಳು ಮಾತಾಡಲಿಲ್ಲ. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಅಣ್ಣಾ, ಕುಡಿದರೆ ಹೋಗುವುದೆಲ್ಲಿಗೆ? ಬೆಳಗ್ಗೆಯಿಂದ ಮೂವರೂ ಬಾಯಿ ಒದ್ದೆ ಮಾಡಿಕೊಂಡಿದ್ದೇವೆ ಅಷ್ಟೇ." ಗಂಡಸರಾದ ನಮಗೆ ನಾಲ್ಕು ಜನರಿಗೂ ಅದು ಹೊಳೆದಿರಲಿಲ್ಲ. ದಾರಿಯಲ್ಲಿ ಪಂಚಾಯತ್ ಕಟ್ಟಡ, ಶಾಲೆ, ಸಭಾಭವನ ಎಲ್ಲ ಇವೆ, ಶೌಚಾಲಯವೂ ಇದೆ, ಬೀಗ ಹಾಕಿದೆ. ಹೊಸದು ಕಟ್ಟಿ ಅಂತ ನಾನು ಕೇಳುವುದಿಲ್ಲ. ನವರಾತ್ರಿ, ಸಂಕ್ರಮಣದ ಆಸುಪಾಸು ಹದಿನೈದು ದಿನ ಬೆಳಗ್ಗೆ ಐದಕ್ಕೆ ಬೀಗ ತೆಗೆದು, ಹೊರಗೊಂದು ಬೋರ್ಡ್ ಹಾಕಿದರೆ ಸಾಕು.

ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿದಾಗ ಎಲ್ಲರಿಗೂ ಉಸಿರು ಬಂತು. ಅಲ್ಲಿನ ಗದ್ದೆಗಳಲ್ಲಿ ಸೇವಂತಿಗೆ ಅರಳಿತ್ತು. ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಮಕರ ಸಂಕ್ರಮಣಕ್ಕೆ ಹೋಗುವ ಹೂ. ಬಸ್ಸಿನಲ್ಲಿ ಎಷ್ಟೋ ವರ್ಷ ಅದರ ಬುಟ್ಟಿಗಳಿಗೆ ಲಗೇಜ್ ಚೀಟಿ ಹರಿದಿದ್ದೇನೆ, ಗದ್ದೆಯಲ್ಲಿ ನಿಂತು ನೋಡಿದ್ದು ಅದೇ ಮೊದಲು. ಸಣ್ಣ ಹಳದಿ ಹೂ, ಎಲೆಯ ಮೇಲೆ ಇನ್ನೂ ಮಂಜು. ಕೊಯ್ಯುತ್ತಿದ್ದ ಅಜ್ಜಿಯೊಬ್ಬರು ನಮ್ಮ ಕಾಲು ನೋಡಿ "ಹೋಯ್, ಕೂಕಣಿ ಮಾರಾಯ್ರೆ" ಅಂದರು. ಮನೆಗೆ ಕರೆದುಕೊಂಡು ಹೋಗಿ ಬೆಲ್ಲ, ನೀರು ಕೊಟ್ಟರು. ನನ್ನ ಅಂಗಾಲಿನ ಬೊಕ್ಕೆ ಒಡೆದಿತ್ತು. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ, ಹಳೇ ಪಂಚೆಯ ಬಟ್ಟೆ ಹರಿದು ಅವರೇ ಕಟ್ಟಿದರು. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ದುಡ್ಡು ಕೊಡಲು ಹೋದರೆ "ಅಮ್ಮನ ಹತ್ರ ಹೋಪವರ ಹತ್ರ ದುಡ್ಡ್ ತಕಂತ್ರಾ?" ಅಂದರು. ಹೊರಡುವಾಗ ಒಂದು ಹಿಡಿ ಹೂ ಕೊಟ್ಟು, ನಮ್ಮ ಲೆಕ್ಕದಲ್ಲಿ ಅಮ್ಮನಿಗೆ ಮುಟ್ಟಿಸಿ ಅಂತ ಹೇಳಿದರು. ನನ್ನ ಹರಕೆಗಿಂತ ಆ ಹೂವಿನ ಜವಾಬ್ದಾರಿಯೇ ಜಾಸ್ತಿ ಅನ್ನಿಸಿ, ಉಳಿದ ದಾರಿಯೆಲ್ಲ ಅದನ್ನು ಬಾಳೆ ಎಲೆಯಲ್ಲಿ ಸುತ್ತಿ ಕೈಯಲ್ಲೇ ಹಿಡಿದುಕೊಂಡೆ.

ವಂಡ್ಸೆಯಲ್ಲಿ ಪರಿಚಯದವರ ಜಗಲಿಯಲ್ಲಿ ಮಲಗಿ ಮೂರನೇ ದಿನ ಹೊರಟೆವು. ಅಲ್ಲಿಂದ ಮುಂದೆ ಹೋದಂತೆ ಮರಗಳ ನೆರಳು ಸಿಕ್ಕಿತು, ಕಾಲಿಗೆ ತಂಪಾಯಿತು. ಕೆಲವು ಕಡೆ ಡಾಂಬರಿಗಿಂತ ಬದಿಯ ಮಣ್ಣು ಒಂದು ಗೇಣು ಕೆಳಗಿದೆ. ಕತ್ತಲಲ್ಲಿ ಇಳಿದರೆ ಕಾಲು ಉಳುಕುವುದು ಖಂಡಿತ. ಅಲ್ಲಿ ಮಣ್ಣು ತುಂಬಿಸಬೇಕು. ಆದರೆ ಆ ಕಾಡಿನ ದಾರಿಯಲ್ಲಿ ನನಗೆ ಜಾಸ್ತಿ ಬೇಸರವಾದದ್ದು ನಮ್ಮವರ ಮೇಲೆಯೇ. ನೀರಿನ ಬಾಟಲಿ, ಗ್ಲುಕೋಸ್ ಪ್ಯಾಕೆಟ್, ಪೇಪರ್ ತಟ್ಟೆ ಎಲ್ಲ ಬದಿಯಲ್ಲಿ ಬಿದ್ದಿವೆ. ಕೊಲ್ಲೂರಿನ ಸುತ್ತ ಇರುವುದು ಮೂಕಾಂಬಿಕಾ ವನ್ಯಧಾಮ, ಅಮ್ಮನ ಹೆಸರಿನದ್ದೇ ಕಾಡು. ನಾವು ಒಂದು ಗೋಣಿಚೀಲ ತುಂಬಿಸುವಷ್ಟು ಹೆಕ್ಕಿದೆವು. ಇನ್ನೂ ಎಷ್ಟೋ ಉಳಿಯಿತು. ಪಾದಯಾತ್ರಿಗಳು ದಯವಿಟ್ಟು ಮನೆಯಿಂದ ಸ್ಟೀಲ್ ಬಾಟಲಿ ಮತ್ತು ಒಂದು ಖಾಲಿ ಚೀಲ ತನ್ನಿ.

ಸಂಜೆ ಸೌಪರ್ಣಿಕೆಯಲ್ಲಿ ಮಿಂದು ದರ್ಶನ ಮಾಡಿದೆವು. ಅಜ್ಜಿಯ ಹೂ ಮುಟ್ಟಿಸಿದೆವು.

ಈಗ ನನ್ನ ಕೋರಿಕೆ. ಹೆದ್ದಾರಿ ನೋಡಿಕೊಳ್ಳುವವರು ಬಿಳಿ ಗೆರೆಯಿಂದ ಆಚೆ ಒಂದೂವರೆ ಮೀಟರ್ ಜಾಗವನ್ನು ನಡೆಯುವವರಿಗೆ ಸಮ ಮಾಡಿ ಬಿಟ್ಟುಕೊಡಲಿ, ಅಲ್ಲಿ ವಾಹನ ನಿಲ್ಲಿಸದ ಹಾಗೆ ನೋಡಲಿ. ಸೇತುವೆಗಳ ಮೇಲೆ ನಡೆಯುವ ಜಾಗದ ಚಪ್ಪಡಿಗಳು ಸರಿ ಇರಲಿ, ದೀಪ ಉರಿಯಲಿ. ಮರ ಹೋದ ಕಡೆ ಮತ್ತೆ ನೆರಳಿನ ಮರ ನೆಡಲಿ. ಇದು ಬರೀ ಪಾದಯಾತ್ರಿಗಳಿಗಲ್ಲ. ಶಾಲೆಯ ಮಕ್ಕಳು, ಗೇರುಬೀಜ ಫ್ಯಾಕ್ಟರಿಗೆ ಹೋಗುವ ಹೆಂಗಸರು, ಮೀನಿನ ಬುಟ್ಟಿ ಹೊತ್ತವರು ವರ್ಷವಿಡೀ ಅದೇ ಅಂಚಿನಲ್ಲಿ ನಡೆಯುತ್ತಾರೆ.

ಬಸ್ಸಿನ ತಮ್ಮಂದಿರಿಗೆ ಒಂದು ಮಾತು. ಬೆಳಗಿನ ಜಾವ ನಡೆಯುವವರು ಕಂಡರೆ ಲೈಟ್ ಡಿಮ್ ಮಾಡಿ, ಒಂದು ಮಾರು ಬಿಟ್ಟು ಹೋಗಿ. ಅರ್ಧ ನಿಮಿಷ ತಡವಾಗುತ್ತದೆ. ಟೈಮ್ ಕೀಪರ್ ಕೇಳಿದರೆ ಸಂತೆಕಟ್ಟೆಯ ಹಳೇ ಕಂಡಕ್ಟರ್ ಹೇಳಿದ್ದು ಅನ್ನಿ.

ನಮ್ಮ ಮನೆ ಸಂತೆಕಟ್ಟೆಯ ಹತ್ತಿರ, ರಸ್ತೆ ಬದಿಯಲ್ಲೇ. ಗೇಟಿನ ಹೊರಗೆ ಕಲ್ಲಿನ ಬೆಂಚು ಹಾಕಿಸಿದ್ದೇನೆ. ಮಣ್ಣಿನ ಕೊಡಪಾನದಲ್ಲಿ ನೀರು, ಡಬ್ಬಿಯಲ್ಲಿ ಬೆಲ್ಲ ಇರುತ್ತದೆ. ಅಂಗಳದ ಬಚ್ಚಲಿಗೆ ಬೀಗ ಇಲ್ಲ, ಹೆಂಗಸರು ಯಾವ ಹೊತ್ತಿನಲ್ಲೂ ಬರಬಹುದು. ದಿನಾ ರಾತ್ರಿ ಮಲಗುವ ಮೊದಲು ಕೊಡಪಾನ ತುಂಬಿಸುವುದು ನನ್ನ ಹೆಂಡತಿಯ ಕೆಲಸ. ಅದನ್ನು ಅವಳು ಯಾರಿಗೂ ಬಿಟ್ಟುಕೊಡುವುದಿಲ್ಲ.

ಇತಿ,
ಒಬ್ಬ ನಿವೃತ್ತ ಬಸ್ ಕಂಡಕ್ಟರ್
ಸಂತೆಕಟ್ಟೆ, ಉಡುಪಿ