ಗೆಳೆಯನಿಗೊಂದು ಪತ್ರ: ಕೆಲಸದ ಸುದ್ದಿ ತಂದವರು

ಪ್ರೀತಿಯ ಗೆಳೆಯನೇ,

ನಿನ್ನ ಪತ್ರ ತಲುಪಿತು. ಮನೆಯವರೆಲ್ಲ ಆರೋಗ್ಯವಾಗಿದ್ದೀರಿ ಎಂದು ತಿಳಿದು ಸಂತೋಷವಾಯಿತು. ನಿನ್ನ ತಮ್ಮನ ಮಗಳು ಬಿ.ಕಾಂ. ಮುಗಿಸಿದಂದಿನಿಂದ ಅರ್ಜಿ ಹಾಕುತ್ತಲೇ ಇದ್ದಾಳೆ, ಎಲ್ಲಿಂದಲೂ ಉತ್ತರವಿಲ್ಲ, "ದೊಡ್ಡಪ್ಪ, ನಿಮಗೆಲ್ಲ ಕೆಲಸ ಹೇಗೆ ಸಿಕ್ಕಿತು?" ಎಂದು ಅವಳು ಕೇಳಿದಾಗ ಏನು ಹೇಳಬೇಕೆಂದೇ ತೋಚಲಿಲ್ಲ ಎಂದು ಬರೆದಿದ್ದೀಯ. ಓದಿದೆವು, ಅರ್ಜಿ ಹಾಕಿದೆವು, ಸಿಕ್ಕಿತು ಎಂದರೆ ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ನನಗೆ ಗೊತ್ತಿರುವ ಯಾರ ಕೆಲಸದ ಕಥೆಯನ್ನು ಕೇಳಿದರೂ ಅರ್ಜಿಗಿಂತ ಮೊದಲು ಅಲ್ಲೊಬ್ಬ ಮನುಷ್ಯ ಇರುತ್ತಾನೆ. ಇಂಥ ಕಡೆ ಕೆಲಸವಿದೆ ಎಂಬ ಸುದ್ದಿಯನ್ನು ತಂದವನು. ಅವನು ಹೆಚ್ಚಾಗಿ ನಮಗೆ ತೀರಾ ಹತ್ತಿರದವನೂ ಆಗಿರುವುದಿಲ್ಲ. ಈ ಸಂಗತಿಯನ್ನು ಅವಳಿಗೆ ಯಾರಾದರೂ ಬಿಡಿಸಿ ಹೇಳಬೇಕು ಎಂದು ಅನ್ನಿಸಿದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾವಿಬ್ಬರೂ ಎಸ್ಸೆಸ್ಸೆಲ್ಸಿ ಮುಗಿಸಿದ್ದು 1977ರಲ್ಲಿ. ಭೂಸುಧಾರಣೆಯ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದ ಮೇಲೆ ನಮ್ಮ ಮನೆಯವರೂ ಡಿಕ್ಲರೇಶನ್, ಅಂದರೆ ಗೇಣಿಯ ಗದ್ದೆ ನಮ್ಮ ಹೆಸರಿಗೆ ಬರಲೆಂಬ ಅರ್ಜಿ, ಕೊಟ್ಟಿದ್ದರು. ತಲೆಮಾರುಗಳಿಂದ ಗೇಣಿ ಅಳೆದುಕೊಂಡು ಬಂದಿದ್ದ ಗದ್ದೆ ನಮ್ಮದಾಗುವ ಭರವಸೆಯೇನೋ ಇತ್ತು. ಆದರೆ ಅಣ್ಣತಮ್ಮಂದಿರೆಲ್ಲರೂ ಅದೊಂದೇ ಗದ್ದೆಯನ್ನು ನಂಬಿ ಕುಳಿತರೆ ಮಳೆಗಾಲ ಕಳೆಯುವುದೂ ಕಷ್ಟ ಎಂಬುದು ಅಪ್ಪನಿಗೆ ಗೊತ್ತಿತ್ತು. ಆ ವರ್ಷ ಕೋಟೇಶ್ವರದ ಕೊಡಿ ಹಬ್ಬಕ್ಕೆ ಮುಂಬಯಿಯಿಂದ ಬಂದಿದ್ದ ಒಬ್ಬರು, ಅತ್ತೆಯ ಗಂಡನ ಕಡೆಯಿಂದ ಏನೋ ದೂರದ ನೆಂಟರು, ತೇರಿನ ಗದ್ದಲದಲ್ಲಿ ನನ್ನನ್ನು ನೋಡಿ, "ಹೋಟ್ಲಿಗೊಂದ್ ಮಾಣಿ ಬೇಕಿತ್ತ್, ಬತ್ಯಾ?" ಎಂದು ಕೇಳಿದರು. ವರ್ಷಕ್ಕೊಮ್ಮೆ ಮುಖ ಕಾಣುವಷ್ಟೇ ಪರಿಚಯ. ಅಂಕಪಟ್ಟಿ ಕೇಳಲಿಲ್ಲ, ಸಂದರ್ಶನ ಇರಲಿಲ್ಲ. ಯಾರ ಮನೆಯ ಹುಡುಗ ಎಂಬುದು ಅವರಿಗೆ ಗೊತ್ತಿತ್ತು, ಊಟ ಮತ್ತು ಮಲಗುವ ಜಾಗ ಸಿಗುತ್ತದೆ ಎಂಬುದು ನಮಗೆ ಗೊತ್ತಾಯಿತು. ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ. ಆಗ ಇದ್ದದ್ದು ಬಸ್ಸು ಮಾತ್ರ.

ಹೋಟೆಲಿನೊಳಗೆ ಒಂದು ಕ್ರಮವಿತ್ತು. ಹೊಸಬ ಮೊದಲು ಲೋಟ, ತಟ್ಟೆ ತೊಳೆಯಬೇಕು. ಆಮೇಲೆ ಮೇಜು ಒರೆಸಬೇಕು. ಗಿರಾಕಿ ಹೇಳಿದ್ದನ್ನು ಮರೆಯದೆ ಒಳಗೆ ಕೂಗಿ ಹೇಳುವ ಅಭ್ಯಾಸವಾದರೆ ಸಪ್ಲೈಯರ್ ಆಗಬಹುದು. ಲೆಕ್ಕ ಬಂದು, ಧಣಿಗಳಿಗೆ ನಂಬಿಕೆಯೂ ಬಂದರೆ ಯಾವಾಗಲಾದರೂ ಗಲ್ಲೆಯ, ಅಂದರೆ ಹಣದ ಪೆಟ್ಟಿಗೆಯ, ಮುಂದೆ ಕೂರಬಹುದು. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆಯೇ ಮಲಗುತ್ತಿದ್ದೆವು. ಪ್ರತಿ ತಿಂಗಳು ಮನೆಗೆ ಹೋಗುವ ಮನಿಯಾರ್ಡರಿನ ಕೆಳಗಿನ ಚೀಟಿಯಲ್ಲಿ ಎರಡು ಸಾಲು ಬರೆಯಲು ಜಾಗ ಇರುತ್ತಿತ್ತಲ್ಲ, ಅದರಲ್ಲಿ ಎಷ್ಟೋ ಹುಡುಗರು ಬರೆಯುತ್ತಿದ್ದದ್ದು ಒಂದೇ ಸಂಗತಿ: ತಮ್ಮನನ್ನು ಕಳುಹಿಸಿ, ಇಲ್ಲಿ ಜಾಗ ಇದೆ. ಉಡುಪಿ, ಕುಂದಾಪುರ ಕಡೆಯ ಸಾವಿರಾರು ಹುಡುಗರು ಮುಂಬಯಿ ಸೇರಿದ್ದು ಹೀಗೆ ಒಬ್ಬರ ಹಿಂದೆ ಒಬ್ಬರು. ಮದ್ರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ಕಟ್ಟಿದ ಕಡಂದಲೆಯ ಕೃಷ್ಣರಾಯರು ಕೂಡ ಮೊದಲು ಬೇರೆಯವರ ಹೋಟೆಲಿನಲ್ಲಿ ಕೆಲಸಕ್ಕೆ ನಿಂತವರೇ. ಧಣಿಗಳು ಊರಿನ ಹುಡುಗರನ್ನೇ ಕರೆಸಿಕೊಳ್ಳುತ್ತಿದ್ದುದಕ್ಕೆ ಅಭಿಮಾನವೊಂದೇ ಕಾರಣವಲ್ಲ; ಹುಡುಗ ಏನಾದರೂ ಹೆಚ್ಚುಕಮ್ಮಿ ಮಾಡಿದರೆ ಅವನ ಮನೆ ಎಲ್ಲಿದೆ, ಅವನ ಪರವಾಗಿ ಮಾತು ಕೊಟ್ಟವರು ಯಾರು ಎಂಬುದು ಗೊತ್ತಿರುತ್ತಿತ್ತು. ಕರೆತಂದವನ ಮರ್ಯಾದೆ ಹುಡುಗನ ದುಡಿಮೆಗೆ ಜಾಮೀನಾಗಿರುತ್ತಿತ್ತು.

ನನಗೆ ಎರಡನೆಯ ಸುದ್ದಿ ತಂದವರು ಇನ್ನೂ ದೂರದವರು. ದಿನವೂ ಮಧ್ಯಾಹ್ನ ಮೂಲೆಯ ಮೇಜಿಗೆ ಬರುತ್ತಿದ್ದ ಬ್ಯಾಂಕಿನ ಗುಮಾಸ್ತರೊಬ್ಬರು, ಮರಾಠಿ ಮಾತನಾಡುವವರು, ಲೋಟ ಇಡುವಾಗ ನನ್ನ ಜೇಬಿನಲ್ಲಿ ಇಂಗ್ಲಿಷ್ ವ್ಯಾಕರಣದ ಪುಸ್ತಕ ನೋಡಿ ವಿಚಾರಿಸಿದರು. ಡಾ. ಅಂಬೇಡ್ಕರ್ ಅವರು ಸ್ಥಾಪಿಸಿದ ಪೀಪಲ್ಸ್ ಎಜುಕೇಶನ್ ಸೊಸೈಟಿಯ ಸಿದ್ಧಾರ್ಥ ಕಾಲೇಜಿನಲ್ಲಿ ದುಡಿಯುವ ಹುಡುಗರಿಗಾಗಿ ಬೆಳಗಿನ ಹೊತ್ತು ತರಗತಿಗಳು ನಡೆಯುತ್ತವೆ ಎಂದು ನನಗೆ ಹೇಳಿದವರು ಅವರೇ. ಧಣಿಗಳು ದೊಡ್ಡ ಮನಸ್ಸು ಮಾಡಿ ನನ್ನ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಿಸಿದರು. ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಹೊತ್ತು ಎಂದರೆ ಏನೆಂದು ಗೊತ್ತಿದ್ದವರಿಗೆ ಅದು ಎಂಥ ಉಪಕಾರವೆಂಬುದು ತಿಳಿಯುತ್ತದೆ. ಮುಂದೆ ಅದೇ ಗುಮಾಸ್ತರು ಬ್ಯಾಂಕ್ ನೇಮಕಾತಿ ಮಂಡಳಿಯ ಜಾಹೀರಾತನ್ನು ಪತ್ರಿಕೆಯಿಂದ ಕತ್ತರಿಸಿ, ಕೊನೆಯ ದಿನಾಂಕದ ಕೆಳಗೆ ಕೆಂಪು ಗೆರೆ ಎಳೆದು, ಬಿಲ್ಲಿನ ಹಣದ ಜೊತೆ ಮೇಜಿನ ಮೇಲಿಟ್ಟು ಹೋದರು. ಟೈಪಿಂಗ್ ಕಲಿ ಎಂದದ್ದೂ ಅವರೇ. ದಾದರಿನ ಟೈಪಿಂಗ್ ತರಗತಿಯಲ್ಲಿ ಎ ಎಸ್ ಡಿ ಎಫ್ ಎಂದು ಹೊಡೆದ ಕಾಗದಗಳು ಈಗಲೂ ನನ್ನ ಹಳೆಯ ಕಡತದಲ್ಲಿವೆ. ಕಿರುಬೆರಳಿಗೆ ಬಲ ಸಾಲದೆ 'ಎ' ಅಕ್ಷರ ಮಾತ್ರ ಎಲ್ಲ ಸಾಲಿನಲ್ಲೂ ಮಸುಕಾಗಿ ಬಿದ್ದಿದೆ. ಪರೀಕ್ಷೆ ಬರೆದವನು ನಾನು, ಪಾಸಾದವನೂ ನಾನು. ಆದರೆ ಆ ಕಾಗದದ ಚೂರು ಮೇಜಿನ ಮೇಲೆ ಬೀಳದಿದ್ದರೆ ಅಂಥದೊಂದು ಪರೀಕ್ಷೆ ಇದೆ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ನಿನ್ನ ಕಥೆಯನ್ನೂ ಅವಳಿಗೆ ಹೇಳಲೇಬೇಕು. ಮಂಗಳೂರಿನ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ, ಮೂರು ವರ್ಷಕ್ಕೊಮ್ಮೆ ಕಾರ್ಡ್ ನವೀಕರಿಸುವುದನ್ನು ನೀನು ತಪ್ಪಿಸಲಿಲ್ಲ. 1959ರ ಕಾಯ್ದೆಯ ಪ್ರಕಾರ ಸರ್ಕಾರಿ ಸಂಸ್ಥೆಗಳೂ, ಇಪ್ಪತ್ತೈದು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸಬೇಕಿತ್ತು. ಆದರೆ ಕೇಂದ್ರ ಕಳುಹಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡು ಆ ಕಾಯ್ದೆಯಲ್ಲಿ ಇರಲಿಲ್ಲ. ಹಾಗಾಗಿ ಕಾರ್ಡ್ ಇದ್ದವರೆಲ್ಲ ಕಾಯುತ್ತಲೇ ಇದ್ದರು. ನಮ್ಮೂರ ಅಂಚೆ ಕಚೇರಿಯಲ್ಲಿ ಇ.ಡಿ. (ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಅಂದರೆ ಇಲಾಖೆಯ ಕಾಯಂ ನೌಕರರಲ್ಲದವರ) ಹುದ್ದೆ ಖಾಲಿಯಾಗಲಿದೆ, ಕೇಂದ್ರದಿಂದ ಹೆಸರು ತರಿಸುತ್ತಾರೆ, ನಿನ್ನ ಕಾರ್ಡ್ ಊರ್ಜಿತದಲ್ಲಿದೆಯೇ ನೋಡಿಕೋ ಎಂದು ಪೋಸ್ಟ್‌ಮಾಸ್ತರರು ಮುಂಚಿತವಾಗಿ ಎಚ್ಚರಿಸಿದ್ದರಿಂದ ನೀನು ಆ ಪಟ್ಟಿಯಲ್ಲಿದ್ದೆ. ಅಲ್ಲಿಂದ ಇಲಾಖಾ ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್ ಆದದ್ದು ನಿನ್ನ ಸ್ವಂತ ಶ್ರಮ. ಈಗ ಅದೇ ಹುದ್ದೆಗೆ ಗ್ರಾಮೀಣ ಡಾಕ್ ಸೇವಕ ಎಂಬ ಹೆಸರು. ಎಸ್ಸೆಸ್ಸೆಲ್ಸಿ ಅಂಕಗಳ ಮೇಲೆ ಆನ್‌ಲೈನಿನಲ್ಲಿಯೇ ಆಯ್ಕೆ ನಡೆಯುತ್ತದೆ.

ದೂರದ ಪರಿಚಯವೇ ಕೆಲಸ ತರುತ್ತದೆ ಎಂಬುದು ನಮ್ಮ ಕರಾವಳಿಯ ಅನುಭವ ಮಾತ್ರವಲ್ಲ. ಅಮೆರಿಕದ ಬಾಸ್ಟನ್ ಬಳಿಯ ನ್ಯೂಟನ್ನಿನಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರು ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಇದನ್ನೇ ಕೇಳಿ, 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಲೆಕ್ಕ ಕೊಟ್ಟಿದ್ದಾರೆ. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರಲ್ಲಿ, ಸುದ್ದಿ ಕೊಟ್ಟವರನ್ನು ವಾರಕ್ಕೆ ಎರಡು ಬಾರಿಯಾದರೂ ಕಾಣುತ್ತಿದ್ದವರು ಶೇ. 16.7 ಮಾತ್ರ, ಯಾವಾಗಲಾದರೊಮ್ಮೆ ಕಾಣುತ್ತಿದ್ದವರು ಶೇ. 55.6, ಅಪರೂಪಕ್ಕೆ ಕಾಣುತ್ತಿದ್ದವರು ಶೇ. 27.8. ಕಾರಣ ಸರಳವಾಗಿದೆ. ಮನೆಯವರಿಗೂ ಆಪ್ತ ಗೆಳೆಯರಿಗೂ ನಮ್ಮ ಮೇಲೆ ಅಕ್ಕರೆ ಹೆಚ್ಚು, ಆದರೆ ನಮಗೆ ತಿಳಿದಿರುವಷ್ಟೇ ಅವರಿಗೂ ತಿಳಿದಿರುತ್ತದೆ. ಬೇರೆ ಕಡೆ ಓಡಾಡುವವರ ಬಳಿ ಬೇರೆ ಸುದ್ದಿ ಇರುತ್ತದೆ.

ಆದರೆ ಗೆಳೆಯಾ, ಈ ವ್ಯವಸ್ಥೆಯನ್ನು ಬರೀ ಹೊಗಳಿ ಮುಗಿಸಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮ ತರಗತಿಯಲ್ಲಿ ಗಣಿತದಲ್ಲಿ ನಮ್ಮಿಬ್ಬರಿಗಿಂತಲೂ ಮುಂದಿದ್ದ, ಹಾಸ್ಟೆಲಿನಿಂದ ಬರುತ್ತಿದ್ದ ಗೆಳೆಯನನ್ನು ನೆನಪು ಮಾಡಿಕೋ. ಅವನೂ ಕೊಡಿ ಹಬ್ಬಕ್ಕೆ ಬಂದಿದ್ದ. ಅವನನ್ನು ಯಾರೂ "ಬತ್ಯಾ?" ಎಂದು ಕೇಳಲಿಲ್ಲ. ಹೋಟೆಲಿನ ಅಡುಗೆಮನೆಗೆ ಯಾವ ಜಾತಿಯ ಹುಡುಗ ಹೋಗಬಹುದು, ಯಾರು ಹೋಗಬಾರದು ಎಂಬುದು ಕೇಳುವ ಮೊದಲೇ ತೀರ್ಮಾನವಾಗಿರುತ್ತಿತ್ತು. ನೆಂಟರಿಷ್ಟರ ಮೂಲಕ ಹರಿಯುವ ಸುದ್ದಿ ನೆಂಟರಿಲ್ಲದವರ ಅಂಗಳಕ್ಕೆ ಹರಿಯುವುದೇ ಇಲ್ಲ. ಅವನಿಗೆ ವಿದ್ಯುತ್ ಮಂಡಳಿಯ ಲೈನ್‌ಮನ್ ಕೆಲಸ ಸಿಕ್ಕಿದ್ದು ಹಾಸ್ಟೆಲಿನ ವಾರ್ಡನ್ ಪ್ರತಿಯೊಂದು ಅಧಿಸೂಚನೆಯನ್ನೂ ಊಟದ ಕೋಣೆಯ ಗೋಡೆಗೆ ಅಂಟಿಸುತ್ತಿದ್ದರು ಎಂಬ ಕಾರಣಕ್ಕೆ. ಮೀಸಲಾತಿ ಎಂಬ ಹಕ್ಕು ಕಾಗದದ ಮೇಲಿದ್ದರೆ ಸಾಲದು, ಅದರ ಸುದ್ದಿಯನ್ನು ಮುಟ್ಟಿಸುವವರೂ ಬೇಕು. ಬಹಿರಂಗವಾಗಿ ಅರ್ಜಿ ಕರೆದು ನಡೆಸುವ ಪರೀಕ್ಷೆಯ ಬಗ್ಗೆ ನನಗೆ ಇಷ್ಟೊಂದು ಗೌರವ ಇರುವುದು ಇದೇ ಕಾರಣಕ್ಕೆ. ಉದ್ಯೋಗ ವಿನಿಮಯ ಕೇಂದ್ರದ ಪಟ್ಟಿಗಷ್ಟೇ ಆಯ್ಕೆಯನ್ನು ಸೀಮಿತಗೊಳಿಸದೆ ಪತ್ರಿಕೆಗಳಲ್ಲಿಯೂ ಪ್ರಕಟಣೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದು ಬಹಳ ದೊಡ್ಡ ಮಾತು.

ಈಗ ನಮ್ಮ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳು ಫೋನಿನಲ್ಲಿ ಗುಂಡಿ ಒತ್ತಿ ಕಳುಹಿಸುವ ಅರ್ಜಿ ಸಾವಿರಾರು ಅರ್ಜಿಗಳ ನಡುವೆ ಹೋಗಿ ಬೀಳುತ್ತದೆ. ಉತ್ತರ ಬರದಿದ್ದರೆ ತನ್ನಲ್ಲೇ ಏನೋ ಕೊರತೆಯಿದೆ ಎಂದು ಅವಳು ಕೊರಗುವುದು ಬೇಡ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಳಗಿರುವ ನೌಕರ ಪರಿಚಯದವರ ಹೆಸರು ಕೊಟ್ಟು, ಅವರು ಆಯ್ಕೆಯಾದರೆ ಅವನಿಗೆ ರೆಫರಲ್ ಬೋನಸ್ ಕೊಡುತ್ತಾರೆ. ಮದ್ದೂರು, ರಾಮನಗರದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೆಲ್ಪರ್ ಬೇಕೆಂಬ ಸುದ್ದಿ ಗೇಟಿನ ಬೋರ್ಡಿಗಿಂತ ಬೇಗ ಪಕ್ಕದ ಮನೆಯ ಹೆಂಗಸಿನ ಬಾಯಲ್ಲಿ ಬರುತ್ತದೆ. ಕಾಲ ಎಷ್ಟೇ ಬದಲಾದರೂ ಹಳೆಯ ದಾರಿ ಮುಚ್ಚಿಲ್ಲ.

ಅವಳು ಲೆಕ್ಕಶಾಸ್ತ್ರ ಓದಿದವಳು. ಕುಂದಾಪುರ, ಉಡುಪಿಯ ಆಡಿಟರ್ ಆಫೀಸುಗಳಿಗೆ ಖುದ್ದಾಗಿ ಹೋಗಿ ಕೇಳಲಿ. ಅಲ್ಲಿ ಜಾಹೀರಾತು ಕೊಟ್ಟು ಜನರನ್ನು ತೆಗೆದುಕೊಳ್ಳುವುದು ಕಡಿಮೆ. ಆದರೆ ಹೋಗುವ ದಿನವನ್ನು ನೋಡಿಕೊಂಡು ಹೋಗಬೇಕು. ಜಿ.ಎಸ್.ಟಿ. ಬಂದ ಮೇಲೆ ತಿಂಗಳ 11ಕ್ಕೂ 20ಕ್ಕೂ ರಿಟರ್ನ್ ಸಲ್ಲಿಸುವ ಗಡಿಬಿಡಿ ಇರುತ್ತದೆ, ಆಗ ಯಾರೂ ತಲೆಯೆತ್ತಿ ಮಾತನಾಡುವುದಿಲ್ಲ. 21ರ ನಂತರ ಹೋದರೆ ಕೂರಿಸಿ ಮಾತನಾಡಿಸುತ್ತಾರೆ. ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಬರುತ್ತದೆ ಎಂದು ಬಾಯಲ್ಲಿ ಹೇಳುವುದಕ್ಕಿಂತ, ನಿಮ್ಮ ಬೀದಿಯ ಯಾವುದಾದರೂ ಅಂಗಡಿಯ ಒಂದು ತಿಂಗಳ ಖರೀದಿ, ಮಾರಾಟದ ಬಿಲ್ಲುಗಳನ್ನು ಕೇಳಿ ಪಡೆದು ತಾನೇ ನಮೂದಿಸಿ, ಆ ಲೆಕ್ಕವನ್ನು ಅಂಗಡಿಯವರಿಗೆ ತೋರಿಸಲಿ. ಆ ಅಂಗಡಿಯವರೇ ನಾಳೆ ತಮ್ಮ ಆಡಿಟರಿಗೆ ಅವಳ ಹೆಸರು ಹೇಳಬಹುದು. ಇದರ ಜೊತೆಗೆ ಬ್ಯಾಂಕ್ ಪರೀಕ್ಷೆಯ ತಯಾರಿಯನ್ನೂ ಬಿಡಬಾರದು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಐದು ದೊಡ್ಡ ಬ್ಯಾಂಕುಗಳಲ್ಲಿ ವಿಜಯಾ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಉಳಿದಿರುವುದು ಕೆನರಾ ಮತ್ತು ಕರ್ಣಾಟಕ ಬ್ಯಾಂಕ್. ಆ ಮೂರು ಹೆಸರುಗಳು ಹೋದದ್ದು ನನಗೆ ಇವತ್ತಿಗೂ ನೋವಿನ ಸಂಗತಿ. ಹಾಗೆಂದು ಬಾಗಿಲು ಮುಚ್ಚಿಲ್ಲ: ಸರ್ಕಾರಿ ಬ್ಯಾಂಕುಗಳಿಗೆ ಐ.ಬಿ.ಪಿ.ಎಸ್. ನಡೆಸುವ ಸಾಮಾನ್ಯ ಪರೀಕ್ಷೆ ಇದೆ, ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು ಎಂದು 2019ರಲ್ಲಿಯೇ ಕೇಂದ್ರ ಸರ್ಕಾರ ಪ್ರಕಟಿಸಿದೆ. ಕೆಲಸ ಕೊಡುತ್ತೇವೆ, ಮೊದಲು ರಿಜಿಸ್ಟ್ರೇಶನ್ ಹಣ ಕಟ್ಟಿ ಎಂದು ಫೋನಿನಲ್ಲಿ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿಬಿಡಲು ಹೇಳು.

ಎಲ್ಲಕ್ಕಿಂತ ಮುಖ್ಯವಾಗಿ, ತನಗೆ ಕೆಲಸ ಬೇಕು ಎಂಬುದನ್ನು ಅವಳು ಸಂಕೋಚವಿಲ್ಲದೆ ಹೇಳಬೇಕು. ಕಾಲೇಜಿನ ಅಧ್ಯಾಪಕರಿಗೆ, ಸಹಕಾರಿ ಸಂಘದ ಕಾರ್ಯದರ್ಶಿಗೆ, ಮೂರು ವರ್ಷದ ಹಿಂದೆ ಕಾಲೇಜು ಬಿಟ್ಟು ಈಗ ಮಂಗಳೂರಿನಲ್ಲಿ ದುಡಿಯುತ್ತಿರುವ ಹಿರಿಯ ವಿದ್ಯಾರ್ಥಿನಿಗೆ. ಕೆಲಸ ಹುಡುಕುತ್ತಿದ್ದೇನೆ ಎನ್ನುವುದು ಸಾಲ ಕೇಳಿದಷ್ಟು ನಾಚಿಕೆಯ ಸಂಗತಿ ಎಂದು ನಮ್ಮ ಕಡೆಯ ಒಳ್ಳೆಯ ಹೆಣ್ಣುಮಕ್ಕಳು ಭಾವಿಸುತ್ತಾರೆ. ಮನೆಯ ಹಿರಿಯರೂ ಹಾಗೆಯೇ ಭಾವಿಸಿ ವಿಷಯವನ್ನು ಮುಚ್ಚಿಡುತ್ತಾರೆ. ನೀನು ಆ ಪತ್ರ ಬರೆಯುವವರೆಗೆ ಅವಳು ಕೆಲಸ ಹುಡುಕುತ್ತಿದ್ದಾಳೆ ಎಂಬುದೇ ನನಗೆ ಗೊತ್ತಿರಲಿಲ್ಲವಲ್ಲ! ಹೇಳದೆ ಇದ್ದರೆ ಯಾರಿಗೆ ತಾನೇ ತಿಳಿಯುತ್ತದೆ?

ಅವಳ ಬಯೋಡೇಟಾವನ್ನು ಒಂದೇ ಪುಟದಲ್ಲಿ ಬರೆಸಿ ನನಗೆ ವಾಟ್ಸ್ಆ್ಯಪಿನಲ್ಲಿ ಕಳುಹಿಸು. ಮುಂದಿನ ತಿಂಗಳು ಇಲ್ಲಿ ನಿವೃತ್ತ ಬ್ಯಾಂಕ್ ನೌಕರರ ಸಭೆ ಇದೆ; ಮಂಗಳೂರು, ಉಡುಪಿಯಲ್ಲಿ ಮಕ್ಕಳಿರುವ ಹಲವರು ಬರುತ್ತಾರೆ, ವಿಚಾರಿಸುತ್ತೇನೆ. ಅವಳ ಜೊತೆ ಓದಿದವರಲ್ಲಿ, ಮನೆಯಲ್ಲಾಗಲಿ ಬಂಧುಗಳಲ್ಲಾಗಲಿ ಕೇಳಲು ಯಾರೂ ಇಲ್ಲದ ಹುಡುಗಿಯರಿದ್ದರೆ ಅವರದನ್ನೂ ಸೇರಿಸು. ನಮ್ಮ ಲೈನ್‌ಮನ್ ಗೆಳೆಯನ ಮೊಮ್ಮಗ ಐ.ಟಿ.ಐ. ಓದುತ್ತಿದ್ದಾನೆ ಎಂದು ಯಾರೋ ಹೇಳಿದರು. ಯಾವ ಟ್ರೇಡ್ ಎಂದು ತಿಳಿದುಕೊಂಡು ಬರೆ.

ಇತಿ ನಿನ್ನ ಗೆಳೆಯ,
ಡೊಂಬಿವಲಿಯಿಂದ