ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ನನ್ನ ತಮ್ಮ ಸತ್ತದ್ದು ಯಾವ ದಿನ ಸ್ವಾಮಿ?

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ಇದು ಹಣ ಕೇಳುವ ಪತ್ರ ಅಲ್ಲ. ಶಾಲು, ಹಾರ, ಸನ್ಮಾನವೂ ಬೇಡ. ನನಗೆ ಬೇಕಿರುವುದು ಒಂದು ದಿನಾಂಕ. ನನ್ನ ತಮ್ಮ ತೀರಿಕೊಂಡ ದಿನಾಂಕ. 11 ತಿಂಗಳಿಂದ ಕೇಳುತ್ತಿದ್ದೇನೆ.

ಅವನಿಗೆ 24 ವರ್ಷ. ಕೆಲಸ ಮುಗಿಸಿ ಬೈಕ್‌ನಲ್ಲಿ ಬರುತ್ತಿದ್ದ. ಹೆಲ್ಮೆಟ್ ಹಾಕಿದ್ದ. ಇದನ್ನೂ ಹೇಳಿಬಿಡುತ್ತೇನೆ, ಯಾಕಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. 2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದಾಗ, ಅವರ ಕಣ್ಣು ದಾನ ಮಾಡಿದ ಸುದ್ದಿ ನೋಡಿ ಎಷ್ಟೋ ಜನ ಹೆಸರು ಬರೆಸಿದರಲ್ಲ, ಅವರಲ್ಲಿ ಇವನೂ ಒಬ್ಬ. "ಕಣ್ಣು ಮಾತ್ರ ಯಾಕಕ್ಕಾ, ಸತ್ತ ಮೇಲೆ ಕಿಡ್ನಿ ಇಟ್ಕೊಂಡು ನಾನೇನ್ ಮಾಡ್ಲಿ" ಅಂತ ನಗುತ್ತಾ ಎಲ್ಲಾ ಅಂಗಾಂಗಕ್ಕೂ ಒಪ್ಪಿಗೆ ಕೊಟ್ಟು, ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದ.

ಕಾರ್ಡ್ ಇದ್ದರೂ ಮನೆಯವರು ಸಹಿ ಹಾಕಬೇಕು ಅಂತ ನಮಗೆ ಗೊತ್ತಾಗಿದ್ದು ಆಸ್ಪತ್ರೆಯಲ್ಲಿ. ಅಮ್ಮ ಸಹಿ ಹಾಕಿದರು. ಪೆನ್ನಿನಲ್ಲಿ ಇಂಕ್ ಬರಲಿಲ್ಲ. ಎರಡು ಸಲ ಗೀಚಿ, ಮೂರನೇ ಸಲಕ್ಕೆ ಬಂತು. ನಮ್ಮ ಹತ್ತಿರ ಇರುವ ಪ್ರತಿಯಲ್ಲೂ ಆ ಗೀಚು ಮಸುಕಾಗಿ ಕಾಣುತ್ತದೆ.

ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ನಾಲ್ವರು ವೈದ್ಯರ ತಂಡ, ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷೆ ಮಾಡಿ, ಮಿದುಳು ಕಾಂಡ, ಅಂದರೆ ಉಸಿರಾಟ ನಡೆಸುವ ಮಿದುಳಿನ ಬುಡ, ಸತ್ತಿದೆ ಅಂತ ಬರೆದುಕೊಡಬೇಕು. ಹಾಗೆ ಬರೆದುಕೊಟ್ಟರು. ಎರಡನೇ ಪರೀಕ್ಷೆ ಮುಗಿದದ್ದು ಬುಧವಾರ ಬೆಳಗಿನ ಜಾವ 1:10ಕ್ಕೆ. ಡಾಕ್ಟರು ನನ್ನ ಭುಜದ ಮೇಲೆ ಕೈ ಇಟ್ಟು "ಇನ್ನಿಲ್ಲಮ್ಮ" ಅಂದದ್ದೂ ಆಗಲೇ. ಗುರುವಾರ ಬೆಳಗಿನ ಜಾವ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋದರು. ಹೃದಯಕ್ಕೆ ಝೀರೋ ಟ್ರಾಫಿಕ್ ಮಾಡಿದರು. ಹೊರಗೆ ತೆಗೆದ ಹೃದಯಕ್ಕೆ ಸುಮಾರು ನಾಲ್ಕು ಗಂಟೆಯಷ್ಟೇ ಸಮಯ ಅಂತೆ, ಓಡಲೇಬೇಕು. ಆ ಆಂಬುಲೆನ್ಸ್ ಗೇಟು ದಾಟುವುದನ್ನು ನಾನು ನಿಂತು ನೋಡಿದೆ. ಹೆಮ್ಮೆ ಆಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಉಳಿದ ತಮ್ಮನಿಗೆ ಯಾವ ಟ್ರಾಫಿಕ್ಕೂ ಬಿಡಲಿಲ್ಲ. ಅಪಘಾತದ ಕೇಸು, ಪಂಚನಾಮೆ ಆಗಬೇಕು, ಪೋಸ್ಟ್‌ಮಾರ್ಟಂ ಆಗಬೇಕು, ಬರೆಯುವವರು ಊಟಕ್ಕೆ ಹೋಗಿದ್ದಾರೆ. ಬೆಳಗ್ಗೆ ಏಳರಿಂದ ಸಂಜೆ 4:40ರವರೆಗೆ ಶವಾಗಾರದ ಹೊರಗಿನ ಕಟ್ಟೆಯ ಮೇಲೆ ಅಮ್ಮ ಕೂತಿದ್ದರು. ಅದೂ ಹೋಗಲಿ. ದಾನಕ್ಕೆ ಸಹಿ ಹಾಕಿದ ನಂತರದ ಐಸಿಯು ಖರ್ಚನ್ನೂ ಬಿಲ್ಲಿನಲ್ಲಿ ಸೇರಿಸಿದ್ದರು. ದಾನಿಯ ಮನೆಯವರಿಂದ ಅದನ್ನು ತೆಗೆದುಕೊಳ್ಳಬಾರದು ಅಂತ 2014ರ ನಿಯಮದಲ್ಲಿ ಇದೆ. ಜಗಳ ಆಡಿ ತೆಗೆಸಿದೆ. ಅದನ್ನೂ ಬಿಟ್ಟೆ.

ಬಿಡಲು ಆಗದ್ದು ಒಂದೇ. ಮರಣ ಪ್ರಮಾಣಪತ್ರದಲ್ಲಿ ದಿನ ಗುರುವಾರದ್ದು ಬಂತು. ವೈದ್ಯರ ತಂಡದ ಪತ್ರದಲ್ಲಿ ಬುಧವಾರ. ವಿಮೆ ಕಚೇರಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಗುಮಾಸ್ತರು ಕೇಳಿದರು: "ನಿಮ್ಮ ತಮ್ಮ ಬುಧವಾರ ಸತ್ತಿದ್ದಾ, ಗುರುವಾರ ಸತ್ತಿದ್ದಾ? ಮೊದಲು ಅದನ್ನ ಸರಿಯಾಗಿ ತಿಳ್ಕೊಂಡು ಬನ್ನಿ." ಹಿಂದೆ ಸಾಲಿನಲ್ಲಿ ನಿಂತವರೊಬ್ಬರು ನಕ್ಕರು. ಅಪಘಾತ ಪರಿಹಾರದ ಕೇಸಿನಲ್ಲಿ ಎದುರು ವಕೀಲರೂ ಇದನ್ನೇ ಹಿಡಿದುಕೊಂಡಿದ್ದಾರೆ.

ಇದು ಗುಮಾಸ್ತಿಕೆಯ ತಪ್ಪು, ಇದಕ್ಕೆಲ್ಲಾ ಸಚಿವರಿಗೆ ಪತ್ರವೇ ಅಂತ ನಿಮ್ಮವರು ಹೇಳಬಹುದು. ನಮ್ಮ ಮನೆಯಲ್ಲಿ ಏನಾಯಿತು ಕೇಳಿ. ನೆಂಟರೊಬ್ಬರು ಆ ಪ್ರಮಾಣಪತ್ರ ಓದಿ, "ಗುರುವಾರ ಸತ್ತ ಅಂತಿದೆ. ಹಾಗಾದ್ರೆ ಹೃದಯ ತೆಗೆಯುವಾಗ ಜೀವ ಇತ್ತಾ?" ಅಂದುಬಿಟ್ಟರು. ಅವತ್ತಿಂದ ಅಮ್ಮನಿಗೆ ನಿದ್ದೆ ಇಲ್ಲ. ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿ ಕೇಳುತ್ತಾರೆ: "ಅವನಿಗೆ ನೋವಾಯ್ತೇನೇ? ನಾನು ಸಹಿ ಹಾಕಿ ಕೊಂದೆನಾ?" ಇಲ್ಲಮ್ಮಾ, ಬುಧವಾರವೇ ಹೋಗಿದ್ದ, ಮೆಷಿನ್ ಉಸಿರಾಡಿಸುತ್ತಿತ್ತು ಅಷ್ಟೇ ಅನ್ನುತ್ತೇನೆ. "ಸರ್ಕಾರದ ಮೊಹರು ಗುರುವಾರ ಅನ್ನುತ್ತಲ್ಲೇ" ಅನ್ನುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇದೆಯಾ?

ನಾನು ಓದಿದವಳು, ಹುಡುಕಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಸಾವಿನ ಅರ್ಥ ಹೇಳುವಾಗ ಮಿದುಳಿನ ಮಾತೇ ಇಲ್ಲ. 1994ರ ಕಾಯ್ದೆಯಲ್ಲಿ ಇದೆ. ಎರಡೂ ಕೇಂದ್ರದ ಕಾನೂನುಗಳು, ಅವನ್ನು ನೀವು ಬದಲಾಯಿಸಿ ಅಂತ ನಾನು ಹೇಳುತ್ತಿಲ್ಲ. ಆದರೆ ವೈದ್ಯರ ತಂಡ ಬರೆದುಕೊಟ್ಟ ದಿನವನ್ನೇ ಸಾವಿನ ದಿನ ಅಂತ ದಾಖಲಿಸಿ ಎಂದು ನಿಮ್ಮ ಆಸ್ಪತ್ರೆಗಳಿಗೆ, ನೋಂದಣಿ ಕಚೇರಿಗಳಿಗೆ ಒಂದು ಸುತ್ತೋಲೆ ಕಳಿಸಲು ಆಗುವುದಿಲ್ಲವೇ? ಒಂದೇ ದಿನಾಂಕ ಕೊಡಿ ಸ್ವಾಮಿ.

ಮನಸ್ಸು ಮಾಡಿದರೆ ಸರ್ಕಾರಕ್ಕೆ ಆಗುತ್ತದೆ. 2016ರಲ್ಲಿ ನೆಲಮಂಗಲದ ಹತ್ತಿರ ಲಾರಿ ಹರಿದು ದೇಹ ಎರಡು ತುಂಡಾಗಿದ್ದರೂ ನನ್ನ ಅಂಗಾಂಗ ದಾನ ಮಾಡಿ ಅಂದ ಹರೀಶ್ ಎಂಬ ಹುಡುಗನ ಹೆಸರಿನಲ್ಲಿ, ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆ ಚಿಕಿತ್ಸೆ ಕೊಡುವ ಯೋಜನೆಯನ್ನು ತಿಂಗಳೊಪ್ಪತ್ತಿನಲ್ಲೇ ತಂದರಲ್ಲ? ನಾನು ಕೇಳುವುದು ಯೋಜನೆ ಅಲ್ಲ, ಅರ್ಧ ಹಾಳೆಯ ಸುತ್ತೋಲೆ.

ಇನ್ನೊಂದು. ಅಂಗಾಂಗ ಯಾರಿಗೆ ಸೇರಬೇಕು ಅಂತ ನೋಡಿಕೊಳ್ಳಲು ಸಮನ್ವಯಕಾರರು ಇದ್ದಾರೆ, ಒಳ್ಳೆಯ ಕೆಲಸ ಮಾಡುತ್ತಾರೆ. ಸಹಿ ಹಾಕಿದ ಮನೆಯವರ ಜೊತೆ ಶವಾಗಾರದಿಂದ ಪ್ರಮಾಣಪತ್ರದವರೆಗೆ ಓಡಾಡಲು ಒಬ್ಬರನ್ನು ನೇಮಿಸಿ. ಒಬ್ಬರು ಸಾಕು. ಅವನ ಹೃದಯ ಯಾರಲ್ಲಿದೆ ಅಂತ ನಾವು ಕೇಳಿಲ್ಲ, ಹೇಳಬಾರದು ಅಂತ ಗೊತ್ತು. ಅವರು ಚೆನ್ನಾಗಿರಲಿ. ನಮಗೆ ದಿನಾಂಕ ಕೊಡಿ.

ಪ್ರಶಂಸಾ ಪತ್ರವೊಂದು ಬಂದಿದೆ. ಅದರಲ್ಲಿ "ನಿಮ್ಮ ತ್ಯಾಗ ಅಮರ" ಅಂತಿದೆ. ಅಮರನಾದ ದಿನ ಯಾವುದು ಅಂತ ಅದರಲ್ಲೂ ಬರೆದಿಲ್ಲ.

ತಿದ್ದುಪಡಿಗೆ ಇದುವರೆಗೆ 13 ಸಲ ಹೋಗಿದ್ದೇನೆ. ಪ್ರತಿ ಸಲವೂ ಒಂದು ಜೆರಾಕ್ಸ್ ಕಡಿಮೆ ಬೀಳುತ್ತದೆ. ಮುಂದಿನ ಸೋಮವಾರ ಮತ್ತೆ ಹೋಗುತ್ತೇನೆ. ಏನೇನು ತರಬೇಕು ಅಂತ ಒಂದೇ ಸಲಕ್ಕೆ ಹೇಳಿಸಿಬಿಡಿ, ಉಪಕಾರವಾಗುತ್ತದೆ.

ಇಂತಿ,
ದಾನಿಯೊಬ್ಬನ ಅಕ್ಕ