ಮಲ್ಪೆ ಬೀಚಿನಲ್ಲಿ ಬಂಗುಡೆ ಮೀನಿಗೂ ಒಂದಿಷ್ಟು ಜಾಗ ಕೊಡಿ: ಉಡುಪಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಮಲ್ಪೆ ಹತ್ತಿರ ಸಣ್ಣದೊಂದು ಹೋಂಸ್ಟೇ ನಡೆಸುತ್ತೇನೆ. ಬೆಂಗಳೂರು, ಹುಬ್ಬಳ್ಳಿ, ಮೈಸೂರು ಕಡೆಯಿಂದ ಬರುವವರು ಬ್ಯಾಗ್ ಇಳಿಸುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: "ಸರ್, ಬೀಚಲ್ಲೇ ಕೂತು ಮೀನು ತಿನ್ನೋಕೆ ಎಲ್ಲಿ ಹೋಗ್ಬೇಕು?" ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಬಂದರಿನ ಕಡೆ, ಪೇಟೆಯ ಕಡೆ ಒಳ್ಳೆಯ ಮೀನೂಟದ ಹೋಟೆಲುಗಳಿವೆ, ಅಲ್ಲಿಗೆ ಕಳಿಸುತ್ತೇನೆ. ಆದರೆ ಅವರು ಕೇಳಿದ್ದು ಅದಲ್ಲವಲ್ಲ.

ರಾಜ್ಯದ ಅತಿ ದೊಡ್ಡ ಮೀನುಗಾರಿಕಾ ಬಂದರುಗಳಲ್ಲಿ ಮಲ್ಪೆಯೂ ಒಂದು. ಅದರ ಪಕ್ಕದ ಮರಳಿನ ಮೇಲೆ ನಿಂತು ನೋಡಿದರೆ ಜಾಸ್ತಿ ಕಾಣುವುದು ಗೋಬಿ ಮಂಚೂರಿ, ಪಾವ್ ಭಾಜಿ, ನೂಡಲ್ಸ್, ಬೇಯಿಸಿದ ಜೋಳ, ಚರುಮುರಿ. ಚರುಮುರಿ ಬಗ್ಗೆ ನನ್ನ ತಕರಾರಿಲ್ಲ. ಅದು ಬೀಚಿಗೆ ಬೇಕೇ ಬೇಕು. ಉಳಿದದ್ದೆಲ್ಲ ಬೆಂಗಳೂರಿನ ಯಾವ ರಸ್ತೆಯಲ್ಲೂ ಸಿಗುತ್ತದೆ. ಅದನ್ನು ತಿನ್ನಲು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರಬೇಕಾ ಮಾರಾಯ್ರೆ?

ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಬೀಚಿನ ಅಂಗಡಿಗಳನ್ನು ಹಂಚುವಾಗ, ಅವುಗಳಲ್ಲಿ ಒಂದು ಪಾಲನ್ನು ಊರಿನ ಅಡುಗೆಗೆ ಎಂದೇ ತೆಗೆದಿಡಿ. ಆ ಪಾಲನ್ನು ಹೆಚ್ಚು ಹಣ ಕೂಗಿದವರಿಗೆ ಕೊಡಬೇಡಿ. ನಿಗದಿತ ಬಾಡಿಗೆ ಇಟ್ಟು, ಮೀನುಗಾರ ಕುಟುಂಬದ ಮತ್ತು ಸ್ವಸಹಾಯ ಸಂಘಗಳ ಹೆಂಗಸರಿಗೆ ಚೀಟಿ ಎತ್ತಿ ಕೊಡಿ.

ಹರಾಜು ಯಾಕೆ ಬೇಡ? ಬಾಡಿಗೆ ಏರಿದಷ್ಟೂ ಅಂಗಡಿಯವರು ಬೇಗ ಆಗುವ, ಕೆಡದ, ಲಾಭ ಜಾಸ್ತಿ ಇರುವ ತಿಂಡಿಗೇ ಹೋಗುತ್ತಾರೆ. ಹೂಕೋಸಿಗೆ ಹಿಟ್ಟು ಹಚ್ಚಿ ಎಣ್ಣೆಗೆ ಬಿಟ್ಟರೆ ಆಯಿತು. ಮೀನು ಹಾಗಲ್ಲ. ಬೆಳಿಗ್ಗೆ ಬಂದರಿಗೆ ಹೋಗಿ ಆರಿಸಬೇಕು, ಸಂಜೆಯೊಳಗೆ ಖರ್ಚಾಗಬೇಕು, ಮಿಕ್ಕರೆ ನಷ್ಟ. ದೊಡ್ಡ ಮೊತ್ತ ಕಟ್ಟಿ ಅಂಗಡಿ ಹಿಡಿದವರು ಆ ತಲೆನೋವು ತೆಗೆದುಕೊಳ್ಳುವುದಿಲ್ಲ. ಅವರನ್ನು ಬೈದು ಪ್ರಯೋಜನವೂ ಇಲ್ಲ.

ಗೋಬಿಯ ಬಣ್ಣದ ಕಥೆ ನಿಮಗೆ ಗೊತ್ತೇ ಇದೆ. 2024ರ ಮಾರ್ಚ್‌ನಲ್ಲಿ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಆಗ ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107ರಲ್ಲಿ ಬಣ್ಣ ಸಿಕ್ಕಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಅದೇ ನಿಯಮ ಬಂತು, ಮೀನಿನ ಕಬಾಬ್ ಕೂಡ ಸೇರಿ. ಹಾಗಾಗಿ ಮೀನಿನ ಅಂಗಡಿ ಇಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನಮ್ಮ ಮನೆಗಳ ಮೀನು ಫ್ರೈಗೆ ಬಣ್ಣ ಯಾಕೆ ಬೇಕು? ಬ್ಯಾಡಗಿ ಮೆಣಸು, ಹುಣಸೆಹುಳಿ, ಬೆಳ್ಳುಳ್ಳಿ, ಉಪ್ಪು ಅರೆದು ಬಂಗುಡೆಗೆ ಹಚ್ಚಿಟ್ಟು, ಕಾವಲಿಯಲ್ಲಿ ತೆಂಗಿನೆಣ್ಣೆ ಬಿಟ್ಟು ಕಾಯಿಸಿದರೆ ಕೆಂಪು ತಾನಾಗಿ ಬರುತ್ತದೆ. ಇದು ಇಲ್ಲಿಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಬೂತಾಯಿ ಮೀನಿನ ಪುಳಿಮುಂಚಿ (ಹುಳಿ-ಖಾರದ ಸಾರು), ಮರುವಾಯಿ ಸುಕ್ಕ (ಚಿಪ್ಪುಮೀನಿನ ಒಣ ಪಲ್ಯ), ಕಾಣೆ ಫ್ರೈ, ಸಿಗಡಿ, ಜೊತೆಗೆ ನೀರುದೋಸೆ ಇಲ್ಲವೇ ಕುಚ್ಚಲಕ್ಕಿ ಅನ್ನ. ನಾಲ್ಕೈದು ಬಗೆ ಸಾಕು. ಮೆನು ಕಾರ್ಡ್ ಪುಸ್ತಕದಷ್ಟು ದಪ್ಪ ಇರುವ ಕಡೆ ನಾನು ಮೀನು ತಿನ್ನುವುದಿಲ್ಲ, ಅದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ.

ಇದು ಎಲ್ಲೂ ಇಲ್ಲದ ಬೇಡಿಕೆಯೂ ಅಲ್ಲ. ಗೋವಾದಲ್ಲಿ ಮರಳಿನ ಮೇಲೆ ಹಾಕುವ ತಾತ್ಕಾಲಿಕ ಊಟದ ಚಪ್ಪರಗಳನ್ನು, ಅಂದರೆ ಬೀಚ್ ಶಾಕ್‌ಗಳನ್ನು ಹಂಚಲು ಸರ್ಕಾರದ್ದೇ ನೀತಿ ಇದೆ. ಶಾಕ್‌ಗಳು ಗೋವಾದ ಮೀನು ಸಾರು-ಅನ್ನ ಕೊಡಲೇಬೇಕು ಅಂತ ಅಲ್ಲಿಯ ಸರ್ಕಾರ 2023ರಲ್ಲಿ ಹೇಳಿತು. ಗೋವಾದ ಉಳಿದದ್ದೆಲ್ಲ ನಮಗೆ ಬೇಡ, ಇದೊಂದು ಸಾಕು. ಕೇಂದ್ರದ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಕೂಡ ಬೀಚಿನಲ್ಲಿ ತಾತ್ಕಾಲಿಕ ಶಾಕ್, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಮಾಡಲು ಅವಕಾಶ ಕೊಟ್ಟಿದೆ. ಭರತದ ರೇಖೆಯಿಂದ, ಅಂದರೆ ಕಡಲು ಉಕ್ಕಿದಾಗ ನೀರು ತಲುಪುವ ಗೆರೆಯಿಂದ, ಕನಿಷ್ಠ 10 ಮೀಟರ್ ದೂರ ಇರಬೇಕು. ಕಾಂಕ್ರೀಟ್ ಬೇಡ. ಬಿದಿರು, ಮರ, ತೆಂಗಿನ ಮಡಲಿನ ಚಪ್ಪರ ಹಾಕಿ, ಮಳೆಗಾಲಕ್ಕೆ ಬಿಚ್ಚಿಡುವ ಹಾಗಿದ್ದರೆ ಸಾಕು.

ಬೀದಿ ವ್ಯಾಪಾರಿಗಳ 2014ರ ಕಾಯ್ದೆಯನ್ನೂ ನೆನಪಿಸುತ್ತೇನೆ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಈಗ ಅಲ್ಲಿ ಚರುಮುರಿ, ಐಸ್‌ಕ್ರೀಮ್, ಬೊಂಡ (ಎಳನೀರು) ಮಾರುವವರನ್ನು ಎಬ್ಬಿಸಿ ಮೀನಿಗೆ ಜಾಗ ಮಾಡಿ ಅಂತ ನಾನು ಕೇಳುತ್ತಿಲ್ಲ. ಹಾಗೇನಾದರೂ ಆದರೆ ಈ ಪತ್ರ ಬರೆದದ್ದೇ ತಪ್ಪಾದೀತು.

ಮೀನು ಅಂದ ಕೂಡಲೇ ಒಂದು ಆಕ್ಷೇಪ ಬರುತ್ತದೆ: ವಾಸನೆ, ಕಸ, ನಾಯಿ, ಕಾಗೆ. ಆಕ್ಷೇಪ ಸರಿಯಾದದ್ದೇ. ಆದರೆ ವಾಸನೆ ಬರುವುದು ಮೀನು ಕಾಯಿಸುವಾಗ ಅಲ್ಲ, ಕ್ಲೀನ್ ಮಾಡಿದ ನೀರು ಮತ್ತು ಕಸ ಅಲ್ಲೇ ಬಿದ್ದಾಗ. ಬೀಚಿನಲ್ಲಿ ಮೀನು ಕ್ಲೀನ್ ಮಾಡುವ ಹಾಗಿಲ್ಲ ಅಂತ ನಿಯಮ ಮಾಡಿ. ಮಾರುಕಟ್ಟೆಯಲ್ಲೇ ಕ್ಲೀನ್ ಮಾಡಿ, ಮನೆಯಲ್ಲಿ ಮಸಾಲೆ ಹಚ್ಚಿ, ಐಸ್ ಡಬ್ಬಿಯಲ್ಲಿ ತರಲಿ. ಇಲ್ಲಿ ಬರೀ ಕಾವಲಿ ಮತ್ತು ಗ್ಯಾಸ್. ಮುಳ್ಳು, ತಲೆ ಹಾಕಲು ಮುಚ್ಚಳದ ಡಬ್ಬಿ ಇರಲಿ, ಅದನ್ನು ದಿನಾ ರಾತ್ರಿ ಒಯ್ಯಬೇಕು. ತಟ್ಟೆಗೆ ಪ್ಲಾಸ್ಟಿಕ್ ಬೇಡ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ದೇಶದಲ್ಲೆಲ್ಲ ನಿಷೇಧ. ನಮ್ಮ ಜಿಲ್ಲೆಯಲ್ಲಿ ಅಡಿಕೆ ಹಾಳೆಯ ತಟ್ಟೆಗೆ ಬರ ಇದೆಯಾ? ಎಣ್ಣೆಗೂ ನಿಯಮ ಇದೆ: ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ (ಎಣ್ಣೆ ಮತ್ತೆ ಮತ್ತೆ ಕಾದಾಗ ಹೆಚ್ಚುವ ಅಂಶ) ಶೇ 25 ದಾಟಿದರೆ ಮತ್ತೆ ಬಳಸುವ ಹಾಗಿಲ್ಲ. ಅದನ್ನು ಅಳೆಯುವ ಕೈಮೀಟರ್ ಇರುತ್ತದೆ. ಆಹಾರ ಸುರಕ್ಷತಾ ಅಧಿಕಾರಿಗಳು ಶನಿವಾರ, ಭಾನುವಾರ ಸಂಜೆ ಅದನ್ನು ಹಿಡಿದು ಒಂದು ಸುತ್ತು ಬಂದರೆ ಮುಗಿಯಿತು. ಅತಿಥಿಗಳಿಗಿಂತ ಮುಂಚೆ ಅಂಗಡಿಯವರಿಗೇ ಸುದ್ದಿ ಮುಟ್ಟುತ್ತದೆ ಬಿಡಿ.

ಇನ್ನು ರೇಟು. ನನ್ನ ಅತಿಥಿಗಳು ಅತಿ ಹೆಚ್ಚು ಬೇಸರ ಮಾಡಿಕೊಳ್ಳುವುದು ಇಲ್ಲಿ. ಒಂದು ಕುಟುಂಬ ಎಲ್ಲೋ ಒಂದು ಹೋಟೆಲಿನಲ್ಲಿ ರೇಟು ಕೇಳದೆ ಮಾಂಜಿ (ಪಾಂಫ್ರೆಟ್) ಫ್ರೈ ಹೇಳಿತ್ತು. ಕಾರ್ಡಿನಲ್ಲಿ ಬರೆದದ್ದು "ಸೈಜ್ ಪ್ರಕಾರ" ಅಂತ ಮಾತ್ರ. ಬಿಲ್ ನೋಡಿದ ಮೇಲೆ ಅವರು ಮರುದಿನ ಮೀನಿನ ಮಾತೇ ಎತ್ತಲಿಲ್ಲ, ಇಡ್ಲಿ ತಿಂದು ಹೊರಟರು. ಮೀನಿನ ದರ ದಿನಾ ಬದಲಾಗುತ್ತದೆ, ಅದು ನಿಜ. ಗಾಳಿ ಎದ್ದು ದೋಣಿ ಹೋಗದಿದ್ದರೆ ಅಂಜಲ್ ಮುಟ್ಟುವ ಹಾಗಿರುವುದಿಲ್ಲ. ಹಾಗಾದರೆ ದಿನಾ ಬರೆಯಲಿ. ಒಂದು ಕರಿಹಲಗೆ, ಒಂದು ಚಾಕ್. ಬಂಗುಡೆ ಒಂದಕ್ಕೆ ಇಷ್ಟು, ಅಂಜಲ್ ತುಂಡಿಗೆ ಇಷ್ಟು, ಮಾಂಜಿ ಸಣ್ಣದಕ್ಕೆ ಇಷ್ಟು, ದೊಡ್ಡದಕ್ಕೆ ಇಷ್ಟು. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ. ಕೃಷ್ಣಮಠಕ್ಕೆ ಬಂದವರು ಬೀಚಿಗೂ ಬರುತ್ತಾರೆ, ಅವರಲ್ಲಿ ಮೀನು ತಿನ್ನದವರಿಗೆ ಗೋಳಿಬಜೆ, ಮಟ್ಟುಗುಳ್ಳದ ಪೋಡಿ (ಊರಿನ ಬದನೆಯ ಬಜ್ಜಿ), ನೀರುದೋಸೆ-ಚಟ್ನಿಯ ಅಂಗಡಿಗಳು ಬೇರೆ ಸಾಲಿನಲ್ಲಿರಲಿ.

ಕುಡಿಯಲು ಬೊಂಡ, ಪುನರ್ಪುಳಿ (ಕೋಕಂ) ಶರಬತ್ತು, ಮಜ್ಜಿಗೆ. ಬೀಚಿನಲ್ಲಿ ಬಿಯರ್ ಬೇಕು ಅನ್ನುವವರೂ ಬರುತ್ತಾರೆ. ನನಗೆ ಅದು ಬೇಡ. ಸಂಜೆ ಮಕ್ಕಳು ಆಡುವ ಜಾಗ ಅದು. ಆದರೆ ಕೈ ತೊಳೆಯುವ ನೀರು, ಕುಡಿಯುವ ನೀರು ಮತ್ತು ಬಾಗಿಲು ಹಾಕುವ ಶೌಚಾಲಯ ಮಾತ್ರ ಖಂಡಿತ ಬೇಕು. ಇಡೀ ದಿನ ಕಾವಲಿ ಮುಂದೆ ನಿಲ್ಲುವ ಹೆಂಗಸರಿಗೆ ಅದು ಮೊದಲು ಬೇಕು.

ಬಾಡಿಗೆಯ ಲೆಕ್ಕ ಹಾಕುವಾಗ ಮಳೆಗಾಲ ಮರೆಯಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ, ಆಗ ಬೀಚಿನಲ್ಲೂ ಜನ ಇರುವುದಿಲ್ಲ. ಹನ್ನೆರಡು ತಿಂಗಳ ಬಾಡಿಗೆ ಕೇಳಿದರೆ ಈ ಹೆಂಗಸರು ಅರ್ಜಿಯನ್ನೇ ಹಾಕುವುದಿಲ್ಲ. ಅಂಗಡಿ ತೆರೆದ ತಿಂಗಳಿಗೆ ಮಾತ್ರ ಬಾಡಿಗೆ ಇಡಿ. ಆ ಎರಡು ತಿಂಗಳಲ್ಲಿ ಅರ್ಜಿ, ಚೀಟಿ, ಆಹಾರ ಪರವಾನಗಿ ನೋಂದಣಿ ಎಲ್ಲ ಮುಗಿಸಿದರೆ ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗೆ ಇಳಿಯುವ ಹೊತ್ತಿಗೆ ಅಂಗಡಿಯೂ ತಯಾರಾಗುತ್ತದೆ.

ಈ ಬಗ್ಗೆ ಸಭೆ ಕರೆಯುವುದಾದರೆ ಹೋಟೆಲಿನವರು, ಟೆಂಡರಿನವರ ಜೊತೆ ಮೀನು ಮಾರುವ ಹೆಂಗಸರನ್ನೂ ಕರೆಯಿರಿ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಬೇಡ, ಆ ಹೊತ್ತಿಗೆ ಅವರು ಮಾರುಕಟ್ಟೆಯಲ್ಲಿರುತ್ತಾರೆ. ಸಂಜೆ ನಾಲ್ಕರ ಮೇಲೆ ಇಡಿ. ಜಾಗ ಬೇಕಿದ್ದರೆ ನನ್ನ ಹೋಂಸ್ಟೇಯ ಅಂಗಳ ಇದೆ, ಚಹಾ ನನ್ನ ಖರ್ಚು.

ಇತಿ ನಿಮ್ಮ ವಿಶ್ವಾಸಿ,
ಮಲ್ಪೆ ಸಮೀಪದ ಒಬ್ಬ ಹೋಂಸ್ಟೇ ಮಾಲೀಕ